ರಕ್ತ ಹೇಳುವ ಸುದ್ದಿ

ಮಕ್ಕಳೇ, ಕೆಲಮಂಗಲದ ಸುತ್ತಮುತ್ತಲಿನ ಹೊಲಗಳಲ್ಲಿ ಟೊಮೆಟೊ ಬೆಳೆಯುವುದನ್ನು ನೀವು ನೋಡಿದ್ದೀರಿ. ಹಣ್ಣು ತುಂಬಿದ ಬುಟ್ಟಿಯ ಅಡಿಯಲ್ಲಿ ಒಂದು ಹಣ್ಣು ಕೊಳೆತರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ವಾಸನೆ ಬರುತ್ತದೆ. ಕೂಡಲೇ ಅದನ್ನು ಹುಡುಕಿ ತೆಗೆದರೆ ಉಳಿದ ಹಣ್ಣುಗಳು ಕೆಡುವುದಿಲ್ಲ. ದೇಹದ ಒಳಗಿನ ಕೆಲವು ರೋಗಗಳ ಸುಳಿವು ಹೀಗೆಯೇ ರಕ್ತದಲ್ಲಿ ಸಿಗುತ್ತದೆ.

ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಪಿತ್ತಜನಕಾಂಗವಿದೆ. ಹೆಪಟೈಟಿಸ್ ಬಿ ಎಂಬ ವೈರಸ್ ಅದನ್ನು ಸೇರಿದರೆ ಕೆಲವರಿಗೆ ಕಾಮಾಲೆ ಬರುತ್ತದೆ. ಕೆಲವರಿಗೆ ಏನೂ ತಿಳಿಯುವುದೇ ಇಲ್ಲ. ವೈರಸ್ ಎಷ್ಟೋ ವರ್ಷ ಅಲ್ಲಿಯೇ ಉಳಿದುಬಿಡಬಹುದು. ಅಂತಹವರಲ್ಲಿ ಎಲ್ಲರಿಗೂ ಅಲ್ಲ, ಕೆಲವರಿಗೆ ಮುಂದೆ ಪಿತ್ತಜನಕಾಂಗದ ಕ್ಯಾನ್ಸರ್ ಬರುತ್ತದೆ. ಮೊದಮೊದಲು ನೋವಿರುವುದಿಲ್ಲ. ನೋವೆಂದು ಹೊಸೂರು ದಾಟಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಕಡೆಗೆ ಹೋಗುವ ಹೊತ್ತಿಗೆ ಗಡ್ಡೆ ದೊಡ್ಡದಾಗಿರುತ್ತದೆ. ಆಗ ಚಿಕಿತ್ಸೆ ಬಹಳ ಕಷ್ಟ.

ಹಾಗಾದರೆ ಮೊದಲೇ ತಿಳಿಯುವುದು ಹೇಗೆ? ಬೇಳೆ, ಮೊಟ್ಟೆಗಳಲ್ಲಿ ಪ್ರೋಟೀನು ಇದೆ ಎಂದು ನೀವು ಓದಿದ್ದೀರಿ. ನಮ್ಮ ದೇಹವೂ ಸಾವಿರಾರು ಬಗೆಯ ಪ್ರೋಟೀನುಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಒಂದು ಆಲ್ಫಾ ಫೀಟೋಪ್ರೋಟೀನು. ಹೆಸರು ಉದ್ದವಾಯಿತು, ಎ.ಎಫ್.ಪಿ. ಎಂದರೆ ಸಾಕು. ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಅದರ ಪಿತ್ತಜನಕಾಂಗ ಇದನ್ನು ಹೇರಳವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. 1963ರಲ್ಲಿ ಮಾಸ್ಕೋ ನಗರದ ವಿಜ್ಞಾನಿ ಗ್ಯಾರಿ ಅಬೆಲೆವ್ ಮತ್ತು ಅವರ ಸಂಗಡಿಗರು ಪಿತ್ತಜನಕಾಂಗದ ಕ್ಯಾನ್ಸರ್ ಇದ್ದ ಇಲಿಗಳ ರಕ್ತದಲ್ಲಿ ಇದನ್ನು ಮತ್ತೆ ಕಂಡರು. ಮರುವರ್ಷ ತತಾರಿನೋವ್ ಎಂಬ ಇನ್ನೊಬ್ಬ ವಿಜ್ಞಾನಿ ರೋಗಿಯ ರಕ್ತದಲ್ಲಿಯೂ ಗುರುತಿಸಿದರು. ಬೆಳೆದವರ ರಕ್ತದಲ್ಲಿ ಹುಟ್ಟದ ಮಗುವಿನ ಪ್ರೋಟೀನು! ಆಶ್ಚರ್ಯವಲ್ಲವೇ?

ಆದುದರಿಂದ ಈ ವೈರಸ್ ಇದ್ದು ಅಪಾಯ ಹೆಚ್ಚಿರುವವರಿಗೆ ವೈದ್ಯರು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಾರೆ. ಜೊತೆಗೆ ರಕ್ತದಲ್ಲಿ ಎ.ಎಫ್.ಪಿ. ಎಷ್ಟಿದೆ ಎಂದು ಅಳೆಯಿಸುತ್ತಾರೆ. ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಅದನ್ನು ತೆಗೆದುಹಾಕಬಹುದು. ಆದರೆ ಈ ಪ್ರೋಟೀನು ಹೆಚ್ಚಾದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಕೆಲವು ಗಡ್ಡೆಗಳು ಇದನ್ನು ಹೊರಬಿಡುವುದೂ ಇಲ್ಲ. ಅದಕ್ಕಾಗಿಯೇ ಹಲವು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯುವ ಪರೀಕ್ಷೆಗಳನ್ನು ವಿಜ್ಞಾನಿಗಳು ರೂಪಿಸುತ್ತಿದ್ದಾರೆ.

ಈ ವೈರಸ್ ಜೊತೆಯಲ್ಲಿ ಕುಳಿತು ಉಂಡರೆ, ಕೈ ಹಿಡಿದು ಆಡಿದರೆ ಹರಡುವುದಿಲ್ಲ. ಸೋಂಕಿದ ರಕ್ತದಿಂದ, ಶುದ್ಧಮಾಡದ ಸೂಜಿಯಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆ. ಇದನ್ನು ತಡೆಯಲು ಲಸಿಕೆ ಇದೆ. ಮಗು ಹುಟ್ಟಿದ 24 ಗಂಟೆಗಳೊಳಗೆ ಮೊದಲನೆಯದನ್ನು ಹಾಕುತ್ತಾರೆ. 2011ರಿಂದ ನಮ್ಮ ದೇಶದ ಎಲ್ಲಾ ರಾಜ್ಯಗಳಲ್ಲಿಯೂ ಸರಕಾರ ಇದನ್ನು ಉಚಿತವಾಗಿ ಹಾಕಿಸುತ್ತಿದೆ. ಮನೆಯಲ್ಲಿ ಅಮ್ಮನನ್ನು ಕೇಳಿ ನಿಮ್ಮ ಲಸಿಕೆ ಕಾರ್ಡನ್ನು ತೆಗೆಸಿರಿ. ಹೆಪಟೈಟಿಸ್ ಬಿ ಎಂಬ ಹೆಸರಿನ ಎದುರು ಯಾವ ದಿನಾಂಕ ಬರೆದಿದೆ, ನೋಡಿರಿ.