ಲೋಹದ ಮೇಲೆ ತಾವೇ ಸಾಲುಗೊಳ್ಳುವ ಅಣುಗಳು

ನಮ್ಮ ಶಾಲೆಯನ್ನು ಬಿಟ್ಟು ದೇವದುರ್ಗ, ಮಾನ್ವಿಗಳ ಕಡೆ ಸಂಸಾರ ಹೂಡಿರುವ ಪೂರ್ವ ವಿದ್ಯಾರ್ಥಿನಿಯರಿಗೆ ಸುಗ್ಗಿ ತೀರಿದ ಬಳಿಕ ಕುಡುಗೋಲಿಗೆ ಶೇಂಗಾ ಎಣ್ಣೆ ಸವರಿಡುವ ವಾಡಿಕೆ ತಿಳಿದೇ ಇದೆ. ಆ ಎಣ್ಣೆಯನ್ನು ಬಟ್ಟೆಯಿಂದ ಒರೆಸಿದ ತರುವಾಯವೂ ಅಲಗಿನ ಮೇಲೆ ನೀರು ಹರಡದೆ ಹನಿಹನಿಯಾಗಿ ನಿಲ್ಲುವುದು. ಬೂದಿಯಿಂದ ಚೆನ್ನಾಗಿ ತಿಕ್ಕಿದರೆ ಮಾತ್ರ ಹರಡೀತು. ಕಣ್ಣಿಗೆ ಕಾಣದ ಒಂದು ಪೊರೆ ಅಲ್ಲಿ ಉಳಿದಿತ್ತೆಂದಾಯಿತು.

ಎಣ್ಣೆಯಲ್ಲಿ ಅಲ್ಪವಾಗಿರುವ ಕೊಬ್ಬಿನ ಆಮ್ಲದ ಅಣುವಿಗೆ ಒಂದು ತಲೆಯೂ ಉದ್ದವಾದ ಬಾಲವೂ ಉಂಟು. ತಲೆಯು ಲೋಹವನ್ನು ಹಿಡಿದುಕೊಳ್ಳುವುದು. ಇಂಗಾಲ, ಜಲಜನಕಗಳಿಂದಾದ ಬಾಲವು ನೀರನ್ನು ಒಲ್ಲದು. ಮೊದಲು ಬಂದ ಅಣುಗಳು ಅಸ್ತವ್ಯಸ್ತವಾಗಿ ಬೀಳುತ್ತವೆ. ಸ್ಥಳ ಇಕ್ಕಟ್ಟಾದಂತೆಲ್ಲಾ ಬಾಲಗಳು ಎದ್ದು, ನೆರೆಯವುಗಳ ಮೆಲ್ಲನೆಯ ಸೆಳೆತದಿಂದ ಒತ್ತೊತ್ತಾಗಿ, ಜೋಳದ ಹೊಲದಂತೆ ನಿಲ್ಲುತ್ತವೆ. ಸಾಲು ಹಿಡಿದು ಬಿತ್ತಿದವರು ಮಾತ್ರ ಯಾರೂ ಇಲ್ಲ.

ಕಬ್ಬಿಣವು ಬೇಗನೆ ತುಕ್ಕು ಹಿಡಿಯುವುದರಿಂದ ಸೂಕ್ಷ್ಮ ಪರೀಕ್ಷೆಗೆ ಒಗ್ಗದು. ಚಿನ್ನವು ಹಾಗಲ್ಲ. ನಮ್ಮ ಜಿಲ್ಲೆಯ ಹಟ್ಟಿಯ ಗಣಿಯಿಂದ ತೆಗೆಯುವ ಈ ಲೋಹಕ್ಕೆ ಗಂಧಕದೊಡನೆ ವಿಶೇಷ ಸ್ನೇಹ. ಗಂಧಕವನ್ನು ತಲೆಯಾಗಿ ಉಳ್ಳ ಅಣುಗಳ ದ್ರಾವಣದಲ್ಲಿ ಚಿನ್ನವನ್ನು ಮುಳುಗಿಸಿದರೆ ಅವು ತಾವಾಗಿಯೇ ಒಂದೇ ಪದರವಾಗಿ ಕೂಡುವುವೆಂದು 1983ರಲ್ಲಿ ಅಮೇರಿಕದ ನುಝೋ, ಅಲ್ಲಾರಾ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಚಿನ್ನವನ್ನು ಮುಚ್ಚಲು ಕೆಲವು ನಿಮಿಷ ಸಾಕು. ಸಾಲು ನೇರ್ಪಡಲು ಗಂಟೆಗಟ್ಟಲೆ ಬೇಕು. ಬಾಲಗಳು ನೆಟ್ಟಗಿರದೆ ಸುಮಾರು 30 ಡಿಗ್ರಿ ವಾಲಿರುತ್ತವೆ. 18 ಇಂಗಾಲಗಳ ಬಾಲವಿದ್ದರೆ ಪದರದ ದಪ್ಪ ಮಿಲ್ಲಿಮೀಟರಿನ 5 ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ! ಬಾಲದ ತುದಿಯನ್ನು ಬದಲಿಸಿದರೆ ಅದೇ ಚಿನ್ನವು ನೀರನ್ನು ಬಯಸುವುದು, ಇಲ್ಲವೆ ರಕ್ತದಲ್ಲಿನ ಒಂದು ಗೊತ್ತಾದ ವಸ್ತುವನ್ನು ಹಿಡಿಯುವುದು. ರೋಗಪರೀಕ್ಷೆಯ ಸಾಧನಗಳಲ್ಲಿ ಇದರ ಉಪಯೋಗವಿದೆ.

ಅಡಿಗೆ ಮಾಡುವ ಹುಡುಗಿಗೆ ರಸಾಯನಶಾಸ್ತ್ರವೇತಕ್ಕೆಂದು ಕೇಳುವ ತಂದೆತಾಯಿಗಳು ಈಗಲೂ ಉಂಟು. ಈ ಶಾಸ್ತ್ರದ ಒಂದು ಮುಖ್ಯ ಶೋಧನೆ ನಡೆದದ್ದೇ ಅಡಿಗೆಮನೆಯಲ್ಲಿ ಎಂಬುದು ಅವರಿಗೆ ತಿಳಿದಿರಲಿ. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದ ಆಗ್ನೆಸ್ ಪೊಕೆಲ್ಸ್ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಓದಿದವಳು. ಆಗ ಅಲ್ಲಿಯ ವಿಶ್ವವಿದ್ಯಾಲಯಗಳು ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಾಯಿಲೆಯ ತಂದೆತಾಯಿಗಳ ಶುಶ್ರೂಷೆ ಮಾಡುತ್ತಾ, ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹರಡುವ ರೀತಿಯನ್ನು ಆಕೆ ತಗಡಿನ ತೊಟ್ಟಿಯೊಂದರಲ್ಲಿ ಅಳೆದಳು. ಲಾರ್ಡ್ ರೇಲಿಗೆ ಬರೆದ ಆಕೆಯ ಪತ್ರವು 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಗೌರವ ಡಾಕ್ಟರ್ ಪದವಿ ದೊರೆತದ್ದು 1932ರಲ್ಲಿ, 70 ತುಂಬಿದ ವರುಷ. ಅಂಥ ಪದರಗಳನ್ನು ನೀರಿನಿಂದೆತ್ತಿ ಗಾಜು, ಲೋಹಗಳ ಮೇಲೆ ಒಂದರ ಮೇಲೊಂದು ಕೂಡಿಸುವ ಕ್ರಮವನ್ನು ಆ ದಶಕದಲ್ಲಿಯೇ ಸಿದ್ಧಪಡಿಸಿದವಳೂ ಓರ್ವ ಸ್ತ್ರೀ: ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರದ ಡಾಕ್ಟರ್ ಪದವಿಯನ್ನು 1926ರಲ್ಲಿ ಸ್ತ್ರೀಯರಲ್ಲಿ ಮೊದಲು ಪಡೆದ ಕ್ಯಾಥರೀನ್ ಬ್ಲಾಜೆಟ್.