ತಾರಸಿ ಹತ್ತದೆ ರೇಟು ಹೇಳುವವರು

ಮೇ ತಿಂಗಳಲ್ಲಿ ಎರಡು ಜೋರು ಮಳೆ ಬಿದ್ದರೆ ಸಾಕು, ಬಸವನಗುಡಿಯ ಹಳೇ ಬೀದಿಗಳಲ್ಲಿ ಮೇಸ್ತ್ರಿಗಳ ಓಡಾಟ ಶುರುವಾಗುತ್ತದೆ. 1898ರ ಪ್ಲೇಗು ಪೇಟೆಯ ಜನರನ್ನು ಗಾಳಿ ಬೆಳಕಿನ ಅಗಲ ಬೀದಿಗಳತ್ತ ಅಟ್ಟಿದಾಗ ಬೆಳೆದ ಬಡಾವಣೆ ಇದು. ಅಪಾರ್ಟ್‌ಮೆಂಟಿನ ಬಾಯಿಗೆ ಬೀಳದೆ ಉಳಿದ ಕೆಲವು ಮನೆಗಳಿಗೆ ಈಗಲೂ ಮದ್ರಾಸ್ ತಾರಸಿಯೇ ಇದೆ. ತೇಗದ ಜಂತೆಗಳ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಬಿಗಿದು, ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಿನಗಟ್ಟಲೆ ಬಡಿದು ಕೂರಿಸಿದ ಮಾಡು ಅದು.

ಚಿಕ್ಕಮ್ಮನ ಮನೆಯದೂ ಅಂಥದೇ. ಹಜಾರದ ಮೂಲೆಯಲ್ಲಿ ಕಂದು ಕಲೆ, ಅದರ ಕೆಳಗೆ ಬಕೆಟ್ಟು.

ಮೊದಲು ಬಂದವನು ಬೈಕಿನಿಂದ ಇಳಿಯುವಾಗಲೇ ಫೋನಿನಲ್ಲಿ ತನ್ನ ಕೆಲಸದ ಫೋಟೊ ತೆರೆದಿದ್ದ. ಎಲ್ಲ ಹೊಚ್ಚ ಹೊಸ ಮನೆಗಳು, ಗೋಡೆಯ ಬಣ್ಣ ಇನ್ನೂ ಒದ್ದೆಯಿದ್ದ ಹಾಗೆ ಹೊಳೆಯುತ್ತಿದ್ದವು. “ಮೇಡಂ, ಇದನ್ನೆಲ್ಲ ಕಿತ್ತು ಮೋಲ್ಡ್ ಹಾಕ್ಬಿಡೋಣ. ಹತ್ತು ವರ್ಷ ಗ್ಯಾರಂಟಿ.” ಏಣಿ ಅಂಗಳದಲ್ಲೇ ಒರಗಿತ್ತು, ಅತ್ತ ಕಣ್ಣು ಕೂಡ ಹಾಯಿಸಲಿಲ್ಲ. ಚದರಕ್ಕಿಷ್ಟು ಅಂತ ಬಾಯಲ್ಲೇ ಲೆಕ್ಕ ಹಾಕಿ, ಅರ್ಧ ದುಡ್ಡು ಮುಂಗಡ ಕೇಳಿದ. ಇನ್ನೊಬ್ಬ ಮೇಲೆ ಹತ್ತಿದನೇನೋ ನಿಜ. ಆದರೆ ಡಬ್ಬಿಯಲ್ಲಿ ಬರುವ ವಾಟರ್‌ಪ್ರೂಫ್ ಬಳಿಯುವುದು ಅಂತ ಕೆಳಗಿರುವಾಗಲೇ ನಿಶ್ಚಯಿಸಿಕೊಂಡಿದ್ದ.

ಆಮೇಲೆ ಬಂದವರು ಹಾಲಿನ ಬೂತಿನವರು ಹೇಳಿ ಕಳಿಸಿದ ಮೇಸ್ತ್ರಿ. ಅರವತ್ತು ದಾಟಿದ ವಯಸ್ಸು, ಅಂಗಿಯ ಜೇಬಿನಲ್ಲಿ ಗಿಡ್ಡ ಪೆನ್ಸಿಲ್ಲು, ಕೈಯಲ್ಲಿ ಹಿಡಿ ಸವೆದ ಕರಣೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಲೆಯ ಕೆಳಗೆ ಬಹಳ ಹೊತ್ತು ನಿಂತರು.

“ಯಾವಾಗ ಸೋರ್ತದಮ್ಮಾ? ಮಳೆ ಬರೋವಾಗಲೋ, ನಿಂತ ಮೇಲೋ?”

“ನಿಂತ ಮೇಲೂ ಅರ್ಧ ದಿನ ತೊಟ್ಟಿಕ್ಕತ್ತೆ.”

“ಹಂಗಾದ್ರೆ ಮೇಲೆ ನೀರು ನಿಲ್ತಾ ಐತೆ.”

ಮೇಲೆ ಹೋದವರು ಹಲಸಿನಕಾಯಿ ಬಡಿದು ನೋಡುವ ಹಾಗೆ ಕರಣೆಯ ಹಿಡಿಯಿಂದ ನೆಲವನ್ನು ಅಲ್ಲಲ್ಲಿ ತಟ್ಟುತ್ತಾ ಹೋದರು. ಟೊಳ್ಳು ಸದ್ದು ಬಂದಲ್ಲಿ ಪೆನ್ಸಿಲ್ಲಿನಿಂದ ಗೀಟು. ಒಂದು ಬಕೆಟ್ ನೀರು ತರಿಸಿ ಸುರಿದು, ಕುಕ್ಕರುಗಾಲಲ್ಲಿ ಕೂತು ಅದು ಹರಿಯುವ ದಾರಿ ನೋಡಿದರು. ನೀರು ತೂಬಿನ ಕಡೆ ಹೊರಟು, ನಡುವೆ ಯಾರೋ ಹಿಂದೆ ಮೆತ್ತಿದ್ದ ಸಿಮೆಂಟಿನ ತೇಪೆಗೆ ತಾಗಿ ನಿಂತುಬಿಟ್ಟಿತು. ತೇಪೆಯ ಸುತ್ತ ಕೂದಲೆಳೆಯಂಥ ಬಿರುಕು. ತೂಬಿನ ಬಾಯಲ್ಲಿ ಮಾವಿನ ತರಗೆಲೆ, ಕೈಪಿಡಿ ಗೋಡೆಯ ಸಂದಿನಲ್ಲಿ ಬೆರಳುದ್ದದ ಅರಳಿ ಸಸಿ.

“ಸುಣ್ಣದ ಮೇಲೆ ಸಿಮೆಂಟು ಒಗ್ಗಲ್ಲಮ್ಮಾ. ಬಿಸಿಲಿಗೆ ಸುಣ್ಣ ಒಂದು ಥರ ಎಳೀತದೆ, ಸಿಮೆಂಟು ಒಂದು ಥರ. ಸಂದಿನಾಗೆ ಇಳಿದ ನೀರು ಆರಂಗಿಲ್ಲ, ಜಂತೆ ತಲೆ ಕೊಳೀತದೆ.” ತೂಬು ಬಿಡಿಸಿ, ಸಸಿಯನ್ನು ಬೇರುಸಮೇತ ತೆಗೆದು, ತೇಪೆ ಕೀಳುವ ಕೆಲಸಕ್ಕೆ ಇಬ್ಬರು ಆಳು ಸಾಕೆಂದರು. ಸುಣ್ಣದ ಕೆಲಸ? “ಅದು ನನ್ನ ಕೈಲಾಗಲ್ಲ. ನಮ್ಮಪ್ಪನ ಕಾಲದೋರು ಬೆಲ್ಲ, ಅಳಲೆಕಾಯಿ ನೀರು ಹಾಕಿ ಗಾರೆ ಅರೀತಿದ್ರು. ಗೊತ್ತಿರೋರು ಒಬ್ರವ್ರೆ, ಕಳಿಸ್ತೀನಿ.”

ನನ್ನ ಮಟ್ಟಿಗೆ ಚೌಕಾಸಿ ಅಲ್ಲಿಗೇ ಮುಗಿಯಿತು. ತನಗೆ ಬಾರದ್ದನ್ನು ಬಾರದು ಎನ್ನುವ ಮೇಸ್ತ್ರಿ ಸಿಕ್ಕ ಮೇಲೆ ನಾಲ್ಕು ಕಾಸು ಹೆಚ್ಚಾದರೂ ಬೇರೆ ಕೊಟೇಶನ್ ಕೇಳಬಾರದು. ಅವರಿಗೂ ಅದೇ ಹೊತ್ತಿಗೆ ಇನ್ನೆರಡು ಕಡೆ ಕೆಲಸ ನಡೆದಿರುತ್ತದೆ, ಸೋಮವಾರ ಆಳುಗಳು ಕೈಕೊಡುತ್ತಾರೆ, ‘ನಾಳೆ ಬರ್ತೀನಿ’ ಅನ್ನುವುದು ನಾಡಿದ್ದಾಗುತ್ತದೆ. ಇಷ್ಟಕ್ಕೆಲ್ಲ ಮುನಿಸಿಕೊಂಡರೆ ಬೆಂಗಳೂರಿನಲ್ಲಿ ಮನೆ ರಿಪೇರಿ ಸಾಧ್ಯವಿಲ್ಲ.

ಮೇಸ್ತ್ರಿ ತೋರಿಸುವ ಹೊಸ ಮನೆಯನ್ನು ನೋಡಿ ಮರುಳಾಗಬೇಡಿ. ಮೂರು ಮಳೆಗಾಲ ಕಂಡ ಮನೆಯೊಂದರ ವಿಳಾಸ ಕೇಳಿ, ಹೋಗಿ ಆ ಮನೆಯವರನ್ನೇ ಮಾತಾಡಿಸಿ. ಸಿಮೆಂಟಿನ ಕೆಲಸವಾದರೆ ಚೀಲದ ಮೇಲೆ ಅಚ್ಚಾದ ವಾರ, ವರ್ಷ ಓದಿಕೊಳ್ಳಿ, ಮೂರು ತಿಂಗಳು ದಾಟಿದ ಸಿಮೆಂಟಿಗೆ ಕಸುವು ಕಡಿಮೆ. ಗಾರೆ ಬಳಿದ ಮೇಲೆ ಕನಿಷ್ಠ ಏಳು ದಿನ ನೀರು ಹೊಡೆಯುವವರು ಯಾರು ಎನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಜಗಳ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಒಟ್ಟು ಹಣದಲ್ಲಿ ಒಂದು ಪಾಲನ್ನು ಮೊದಲ ದೊಡ್ಡ ಮಳೆ ಬಂದು ಹೋಗುವವರೆಗೂ ಕೈಯಲ್ಲಿಟ್ಟುಕೊಳ್ಳಿ, ಒಳ್ಳೆಯ ಮೇಸ್ತ್ರಿ ಅದಕ್ಕೆ ಬೇಡ ಅನ್ನುವುದಿಲ್ಲ. ಆದರೆ ಶನಿವಾರದ ಬಟವಾಡೆ ಮಾತ್ರ ತಡ ಮಾಡಬೇಡಿ. ಆ ದುಡ್ಡು ಮೇಸ್ತ್ರಿಯದಲ್ಲ, ಬಾಂಡ್ಲಿ ಹೊತ್ತು ಏಣಿ ಹತ್ತಿದವರದು.