ಮನೆಯಲ್ಲಿ ಹೃದಯಮಾಪಕ: ಅರಿವೂ ಎಚ್ಚರವೂ

ಹೃದಯದ ಬಡಿತವನ್ನು ಗೆರೆಗಳಾಗಿ ಮೂಡಿಸುವ ಇ.ಸಿ.ಜಿ. ಯಂತ್ರವನ್ನು ಆಸ್ಪತ್ರೆಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಈಚೆಗೆ ತಾಂತ್ರಿಕ ಶಿಕ್ಷಣ ಪಡೆಯುವ ಮಕ್ಕಳು ಅಂಥದೇ ಚಿಕ್ಕ ಉಪಕರಣವೊಂದನ್ನು ಮನೆಯ ಮೇಜಿನ ಮೇಲೆಯೇ ಜೋಡಿಸುವುದುಂಟು. ಜೋಡಿಸಿದ ಮೇಲೆ ಮೊದಲ ಪರೀಕ್ಷೆ ನಡೆಯುವುದು ಮನೆಯವರ ಮೈಮೇಲೆಯೇ. ಆದುದರಿಂದ ಅದರ ಗುಣವೇನು, ಮಿತಿಯೇನು, ಅಪಾಯವೆಲ್ಲಿ ಎಂಬುದನ್ನು ಮನೆಯ ಹಿರಿಯರೂ ಅರಿತಿರಬೇಕೆಂಬುದು ನಮ್ಮ ಆಶಯ.

ಹೃದಯದ ಸ್ನಾಯುಗಳು ಸಂಕುಚಿಸುವ ಮುನ್ನ ಅವುಗಳಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತಿನ ಅಲೆಯೊಂದು ಹರಿಯುತ್ತದೆ. ೧೮೮೭ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಈ ಅಲೆಯನ್ನು ಮಾನವದೇಹದ ಹೊರಗಿನಿಂದಲೇ ದಾಖಲಿಸಿ ತೋರಿಸಿದರು. ಅದನ್ನು ಸ್ಪಷ್ಟವಾಗಿ ಬರೆಯಿಸಿದ ಕೀರ್ತಿ ಹಾಲೆಂಡಿನ ಲೈಡನ್ ನಗರದ ವಿಲೆಮ್ ಐಂಟ್‌ಹೋವೆನ್ ಅವರದು. ಅವರ ಯಂತ್ರವು ಸುಮಾರು ೨೭೦ ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ನಡೆಸಲು ಐವರು ಬೇಕಾಗಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. ಅಷ್ಟು ಭಾರದ ಯಂತ್ರವನ್ನು ರೋಗಿಯ ಬಳಿಗೆ ಒಯ್ಯಲಾಗದೆ, ೧೯೦೫ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ದೂರವಾಣಿ ತಂತಿಯ ಮೂಲಕ ಹೃದಯದ ಸಂಕೇತವನ್ನೇ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು! ೧೯೨೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಅಂದಿನ ಯಂತ್ರದ ಮುಖ್ಯ ಕೆಲಸವನ್ನು ಇಂದು ಬೆರಳ ತುದಿಯಲ್ಲಿ ನಿಲ್ಲುವ ಚಿಪ್ಪೊಂದು ಮಾಡುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎಡಿ ೮೨೩೨ ಎಂಬ ಚಿಪ್ಪಿಗೆ ಎರಡು ಸಾಮಾನ್ಯ ಸೆಲ್ಲುಗಳ ೩ ವೋಲ್ಟ್ ಸಾಕು. ಚರ್ಮದ ಮೇಲೆ ದೊರೆಯುವ ಹೃದಯದ ಸಂಕೇತ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಮನೆಯ ವಿದ್ಯುತ್ ತಂತಿಗಳಿಂದ ಹೊಮ್ಮುವ ೫೦ ಹರ್ಟ್ಸ್ ಗದ್ದಲ ಅದಕ್ಕಿಂತ ಬಹಳ ದೊಡ್ಡದು. ಎರಡು ಪಟ್ಟಿಗಳಿಗೂ ಸಮಾನವಾಗಿ ಬರುವ ಈ ಗದ್ದಲವನ್ನು ಕಳೆದು, ಅವುಗಳ ನಡುವಣ ವ್ಯತ್ಯಾಸವನ್ನಷ್ಟೇ ಹಿಗ್ಗಿಸುವುದು ಚಿಪ್ಪಿನ ಕಾರ್ಯ. ಮೂರನೆಯ ಪಟ್ಟಿಯು ಗದ್ದಲವನ್ನು ಇನ್ನಷ್ಟು ಅಡಗಿಸಲು ನೆರವಾಗುತ್ತದೆ. ಹೀಗೆ ದೊರೆತ ಸಂಕೇತವನ್ನು ಕಿರುಗಣಕವು ಅಳೆದು, ತಂತಿಯ ಮೂಲಕ ಕಂಪ್ಯೂಟರಿಗೋ ಬ್ಲೂಟೂತ್ ಮೂಲಕ ಮೊಬೈಲಿಗೋ ಕಳಿಸುತ್ತದೆ.

ಅಪಾಯವಿರುವುದು ಈ ತಂತಿಯಲ್ಲಿಯೇ. ಅಂಟುಪಟ್ಟಿಗಳು ಚರ್ಮದ ತಡೆಯನ್ನು ತಗ್ಗಿಸುತ್ತವೆ. ಗೋಡೆಯ ವಿದ್ಯುತ್ತಿಗೆ ಹೊಂದಿಸಿದ ಚಾರ್ಜರಿನಲ್ಲಿ ದೋಷವಿದ್ದರೆ, ಅದು ಕಂಪ್ಯೂಟರಿನಿಂದ ತಂತಿಗೆ, ತಂತಿಯಿಂದ ಎದೆಗೆ ಹರಿದು ಪ್ರಾಣವನ್ನೇ ತೆಗೆಯಬಲ್ಲದು. ಆದುದರಿಂದ ಉಪಕರಣವು ಬ್ಯಾಟರಿಯಿಂದಲೇ ನಡೆಯಬೇಕು; ಪಟ್ಟಿಗಳು ಮೈಮೇಲಿರುವಾಗ ಆ ಬ್ಯಾಟರಿಯನ್ನು ಚಾರ್ಜಿಗೆ ಇಡಲೇಬಾರದು. ಲ್ಯಾಪ್‌ಟಾಪಿಗೆ ತಂತಿ ಜೋಡಿಸುವುದಾದರೆ ಅದರ ಚಾರ್ಜರನ್ನು ಮೊದಲು ಕಿತ್ತಿಡಬೇಕು. ನಿಸ್ತಂತು ವಿಧಾನವೇ ಮೇಲು. ಪೇಸ್‌ಮೇಕರ್ ಅಳವಡಿಸಿಕೊಂಡವರ ಮೇಲೆ ಇಂಥ ಪ್ರಯೋಗ ಸಲ್ಲದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಅದು ಹುಸಿ ಧೈರ್ಯ. ಆಸ್ಪತ್ರೆಯ ಪೂರ್ಣ ಪರೀಕ್ಷೆಯು ಹತ್ತು ಪಟ್ಟಿಗಳಿಂದ ಹೃದಯವನ್ನು ಹನ್ನೆರಡು ನೋಟಗಳಲ್ಲಿ ಕಾಣುತ್ತದೆ. ಮನೆಯ ಉಪಕರಣಕ್ಕಿರುವುದು ಒಂದೇ ನೋಟ. ಬಡಿತದ ವೇಗವನ್ನೂ ಲಯವನ್ನೂ ಅದು ಸ್ಥೂಲವಾಗಿ ತೋರಿಸೀತು; ಹೃದಯಾಘಾತವಿಲ್ಲವೆಂದು ಹೇಳುವ ಅಧಿಕಾರ ಅದಕ್ಕಿಲ್ಲ. ಆಸ್ಪತ್ರೆಯ ಮೊದಲ ಇ.ಸಿ.ಜಿ.ಯಲ್ಲಿಯೂ ಆಘಾತವು ಕಾಣದೆ ಹೋಗುವುದುಂಟು. ಅದಕ್ಕೆಂದೇ ವೈದ್ಯರು ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಎದೆ ಬಿಗಿದು ಬೆವರಿದ ಹಿರಿಯರಿಗೆ, ಗೆರೆ ಸರಿಯಾಗಿದೆಯೆಂದು ಹೇಳಿ ಮಲಗಿಸಿದರೆ ಅಮೂಲ್ಯವಾದ ಗಳಿಗೆಗಳು ಕಳೆದುಹೋಗುತ್ತವೆ. ಅಂಥ ಹೊತ್ತಿನಲ್ಲಿ ಉಪಕರಣವನ್ನು ಬದಿಗಿಟ್ಟು ೧೦೮ಕ್ಕೆ ಕರೆ ಮಾಡುವುದೇ ಸರಿಯಾದ ದಾರಿ.

ಹಾಗೆಂದು ಮಕ್ಕಳ ಕುತೂಹಲವನ್ನು ನಾವು ಚಿವುಟಬಾರದು. ಕೈಯಿಂದ ಮಾಡಿ ಕಲಿಯುವುದು ಕಾಯಕದ ಹಾದಿಯೇ. ಆದರೆ ಶರಣರು ಅರಿವಿನೊಡನೆ ಆಚಾರವನ್ನೂ ಬಯಸಿದರು. ತನ್ನ ಉಪಕರಣವು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಮೊದಲು ಮನೆಯವರಿಗೆ ತಿಳಿಸುವುದೇ ಈ ಕಾಯಕದ ಆಚಾರ. ಅದನ್ನು ಪಾಲಿಸುವ ಮಕ್ಕಳಿಗೆ ಮನೆಯ ಹಿರಿಯರು ನಿಶ್ಚಿಂತೆಯಿಂದ ಕೈ ನೀಡಲಿ.